ಉಲ್ ದಾದುವಿನ ಪಂದ್ಯ

ಡಿಸೆಂಬರ್ ಬಂತೆಂದರೆ ಕಲ್ಕತ್ತೆಯ ಗರಿಯಾಹಾಟಿನ ಫುಟ್‌ಪಾತಿನ ಮೇಲೆ ಸ್ವೆಟರುಗಳ ಗುಡ್ಡೆ ಬೀಳುತ್ತದೆ. ಈ ಊರಿನವರಿಗೆ ಚಳಿಯೆಂದರೆ ಅದೇನು ಭಯವೋ, ಗಾಳಿ ಸ್ವಲ್ಪ ತಣ್ಣಗಾದರೂ ಸಾಕು, ಮಂಕಿಟೋಪಿ ತಲೆಗೇರುತ್ತದೆ. ಕಳೆದ ವಾರ ಅಮ್ಮನ ಜೊತೆ ಅಲ್ಲಿ ಹೋಗುತ್ತಿದ್ದಾಗ ಹೊತ್ತಲ್ಲದ ಹೊತ್ತಿನಲ್ಲಿ ಒಂದು ಮಳೆ ಬಂತು. ಅಂಗಡಿಯವನು ಪ್ಲಾಸ್ಟಿಕ್ ಹೊದಿಸುವಷ್ಟರಲ್ಲಿ ಅರ್ಧ ಗುಡ್ಡೆ ತೊಯ್ದು ಹೋಗಿತ್ತು. ಒದ್ದೆ ಉಣ್ಣೆಯ ವಾಸನೆಗೆ ಅಮ್ಮ ಸೆರಗನ್ನು ಮೂಗಿಗೆ ಹಿಡಿದರು. ನನಗೆ ನಗು ತಡೆಯಲಾಗಲಿಲ್ಲ.

"ಗಂಗಾಜಲ ನೆನಪಾಯ್ತಾ ಅಮ್ಮ?" ಎಂದೆ.

"ಸುಮ್ನಿರೇ. ಇನ್ನೂ ಎಷ್ಟ್ ವರ್ಷ ಆಡ್ಕೋತೀಯ?"

ಅವರು ಸಾಯುವ ತನಕ ಆಡಿಕೊಳ್ಳುತ್ತೇನೆ. ಅಷ್ಟು ಚೆನ್ನಾಗಿತ್ತು ಆ ಚಳಿಗಾಲ. ತಾತ ಹೋದ ಮೇಲಿನ ಮೊದಲ ಚಳಿಗಾಲ ಅದು. ಚೆನ್ನಾಗಿತ್ತು ಎಂದು ಹೇಳಲು ನನಗೆ ಸಂಕೋಚವೇನೂ ಇಲ್ಲ.

ತಾತ ಅಂದರೆ ಅಪ್ಪನ ಅಪ್ಪ. ತುಮಕೂರು ಜಿಲ್ಲೆಯ ಗುಬ್ಬಿಯವರು. ರೈಲ್ವೆ ಕೆಲಸ ಸಿಕ್ಕಿ ಸಿಯಾಲ್ದಾಕ್ಕೆ ಬಂದಾಗ ಹಾಸಿಗೆ ಸುರುಳಿಯೊಳಗೆ ಎರಡು ಮರದ ರ‍್ಯಾಕೆಟ್ಟು ಸುತ್ತಿಕೊಂಡು ಬಂದಿದ್ದರಂತೆ. ಅವರ ಪ್ರಾಣ ಬಾಲ್ ಬ್ಯಾಡ್ಮಿಂಟನ್. ಶಟಲ್ ಅಲ್ಲ, ಶಟಲ್ ಎಂದವರಿಗೆ ತಾತ ಕಾಲು ಗಂಟೆ ಪಾಠ ಮಾಡುತ್ತಿದ್ದರು. ಹಳದಿ ಉಣ್ಣೆ ಸುತ್ತಿ ಮಾಡಿದ ಚೆಂಡು, ನಿಂಬೆಹಣ್ಣಿಗಿಂತ ಸ್ವಲ್ಪ ದಪ್ಪ. ಆಕಡೆ ಐದು ಜನ, ಈಕಡೆ ಐದು ಜನ. ಮುಂದೆ ಇಬ್ಬರು, ಹಿಂದೆ ಇಬ್ಬರು, ನಡುವೆ ಸೆಂಟರ್ ಒಬ್ಬರು. ಚೆಂಡು ನೆಲ ಮುಟ್ಟಿದರೆ ಮುಗಿಯಿತು. ಮೂರು ಆಟಕ್ಕೆ ಒಂದು ಪಂದ್ಯ. ನಮ್ಮ ಕಡೆ ಯಾವ ಹೈಸ್ಕೂಲು ಮೈದಾನದಲ್ಲಾದರೂ ಕಾಣುತ್ತಿದ್ದ ಈ ಆಟವನ್ನು ಕಲ್ಕತ್ತೆಯವರು ಕಂಡೇ ಇರಲಿಲ್ಲ. ತಾತ ರೈಲ್ವೆ ಕ್ವಾರ್ಟರ್ಸಿನ ಮೈದಾನದಲ್ಲಿ ಸುಣ್ಣದ ಗೆರೆ ಎಳೆದು ಆಡಲು ನಿಂತಾಗ ಪಾಡಾದ ಹುಡುಗರು, ಅಂದರೆ ಆ ಬಡಾವಣೆಯ ಹುಡುಗರು, ಸುತ್ತ ನಿಂತು ನಕ್ಕರಂತೆ. ಆಮೇಲೆ ಅವರೇ ಹೆಸರಿಟ್ಟರು, ಉಲ್ ದಾದಾ ಎಂದು. ಸ್ವೆಟರ್ ಹೆಣೆಯುವ ಉಣ್ಣೆಗೆ ಇಲ್ಲಿ ಉಲ್ ಅನ್ನುತ್ತಾರೆ, ಅಣ್ಣನಿಗೆ ದಾದಾ, ಅಜ್ಜನಿಗೆ ದಾದು. ಕೂದಲು ಬೆಳ್ಳಗಾದ ಮೇಲೆ ಉಲ್ ದಾದಾ ಉಲ್ ದಾದು ಆದರು, ತಾತ ಅಷ್ಟೇ ಖುಷಿಯಿಂದ ಓಗೊಟ್ಟರು.

ಆಟ ಬಲ್ಲ ಇನ್ನೊಂದು ಗುಂಪು ಕ್ವಾರ್ಟರ್ಸಿನಲ್ಲಿದ್ದ ತೆಲುಗರದು. ಅವರ ಮುಖಂಡರು ಅಪ್ಪಾರಾವ್, ತಾತನಿಗಿಂತ ಚಿಕ್ಕವರು, ಮಾತಿನಲ್ಲಿ ಮಾತ್ರ ಸಮಸಮ. ಸಂಕ್ರಾಂತಿ ಕಳೆದ ಭಾನುವಾರ ಕನ್ನಡದವರಿಗೂ ತೆಲುಗಿನವರಿಗೂ ಪಂದ್ಯ. ಸೋತವರು ಗೆದ್ದವರಿಗೆ ಕೈಯಾರೆ ತಿಂಡಿ ಬಡಿಸಬೇಕು. ತಾತ ನಿವೃತ್ತರಾಗಿ ನಾವೆಲ್ಲ ಗರಿಯಾಹಾಟಿನ ಆಚೆಗೆ ಫ್ಲಾಟ್ ಮಾಡಿಕೊಂಡು ಬಂದ ಮೇಲೂ ಆ ಪಂದ್ಯ ತಪ್ಪಲಿಲ್ಲ. ವಯಸ್ಸಾಗುವವರೆಗೂ ತಾತನದು ಸೆಂಟರ್ ಜಾಗ, ಅವರ ಹಿಂದೆ ಬಲಮೂಲೆಯಲ್ಲಿ ಅಪ್ಪ. ತಾತ ಆಟ ಬಿಟ್ಟು ಅಂಪೈರ್ ಕುರ್ಚಿ ಹಿಡಿದ ವರ್ಷವೇ ಅಪ್ಪನೂ ರ‍್ಯಾಕೆಟ್ಟು ಅಟ್ಟಕ್ಕೆ ಹಾಕಿದರು. ಮಂಡಿ ನೋವು ಎಂದರು. ಅದೇ ಮಂಡಿಯಲ್ಲಿ ದಿನಾ ಎಸ್ಪ್ಲನೇಡ್ ಮೆಟ್ರೊದ ಮೆಟ್ಟಿಲು ಹತ್ತಿ ಆಫೀಸಿಗೆ ಹೋಗುತ್ತಿದ್ದರು.

ತಾತ ಹೋದದ್ದು ಮಳೆಗಾಲದ ನಡುವೆ. ರಸ್ತೆಯಲ್ಲಿ ಮೊಣಕಾಲು ಮಟ್ಟ ನೀರು, ಆಂಬುಲೆನ್ಸು ಓಣಿಯೊಳಗೆ ಬರಲಾಗದೆ ಪಾಡಾದವರೇ ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಹೋದರು. ನಾಲ್ಕು ದಿನ ಆಸ್ಪತ್ರೆಯಲ್ಲಿದ್ದರು. ಕೊನೆಯ ಮಾತು, ಕೊನೆಯ ಆಸೆ ಅಂತ ಏನೂ ಹೇಳಲಿಲ್ಲ. ಅಮ್ಮ ಅತ್ತರು, ನಾನೂ ಅತ್ತೆ, ಅಪ್ಪಾರಾವ್ ಗೇಟಿನ ಹೊರಗೇ ನಿಂತು ಅತ್ತರು. ಅಪ್ಪ ಅಳಲಿಲ್ಲ. ಗಂಗೆಯ ಘಾಟಿನಲ್ಲಿ ಎಲ್ಲ ಕೆಲಸವನ್ನೂ ಚಾಚೂ ತಪ್ಪದೆ ಮಾಡಿ, ತಲೆ ಬೋಳಿಸಿಕೊಂಡು ಬಂದು ಆಫೀಸಿಗೆ ಹೋದರು. ಆಮೇಲಿನ ತಿಂಗಳುಗಳಲ್ಲಿ ಮನೆಯಲ್ಲಿ ತಾತನ ಮಾತು ಬಂದರೆ ಎದ್ದು ಹೋಗಿ ಫ್ರಿಜ್ ತೆರೆದು ನೋಡುತ್ತಿದ್ದರು. ಫ್ರಿಜ್ಜಿನಲ್ಲಿ ಏನಿರುತ್ತದೆ? ಮೊಸರು.

ದುರ್ಗಾಪೂಜೆ ಮುಗಿದು ಚಳಿಗಾಲದ ಮೊದಲ ಮಂಜು ಬಿದ್ದಾಗ ಒಂದು ಸಂಜೆ ಅಪ್ಪ ನಿರ್ಧಾರ ಹೇಳಿದರು.

"ಈ ಸಲ ಪಂದ್ಯ ಬೇಡ. ವರ್ಷ ತುಂಬೋಕ್ ಮುಂಚೆ ಆಟ ಗೀಟ ಚೆನ್ನಾಗಿರಲ್ಲ. ಅದೇ ಭಾನುವಾರ ಒಂದ್ ಸಭೆ ಮಾಡೋಣ. ಫೋಟೊ ಇಟ್ಟು, ಹಾರ ಹಾಕಿ, ನಾಲ್ಕ್ ಜನ ನಾಲ್ಕ್ ಮಾತಾಡ್ತಾರೆ. ಗೌರವವಾಗಿರತ್ತೆ. ಅಪ್ಪಾರಾವ್ ಅವರೂ ಆಗ್ಲಿ ಅಂದಿದಾರೆ."

"ಭಾಷಣ ಅಂದ್ರೆ ತಾತ ಎದ್ದು ಹೋಗ್ತಿದ್ರು ಅಪ್ಪ."

"ಈಗ ಎದ್ದು ಹೋಗಲ್ವಲ್ಲ."

ಹೇಳಿಬಿಟ್ಟು ಅಪ್ಪ ತಾವೇ ಬೆಚ್ಚಿದರು. ಎದ್ದು ಹೋಗಿ ಫ್ರಿಜ್ ತೆರೆದರು.

ನನಗೆ ಸಿಟ್ಟು ನೆತ್ತಿಗೇರಿತು. ಅಪ್ಪನ ಮೇಲಲ್ಲ, ಆ ಸಭೆಯ ಮೇಲೆ. ಕ್ವಾರ್ಟರ್ಸ್ ಮೈದಾನದ ಕ್ಲಬ್ಬಿನ ಕಾರ್ಯದರ್ಶಿ ತಪನ್‌ದಾ ಆಗಲೇ ಮೈಕಿಗೆ ಹೇಳಿಯಾಗಿತ್ತು. ಶೋಕ್‌ಸಭಾ ಎಂದರೆ ಇಲ್ಲಿನವರಿಗೆ ಹಾಡು, ಕವಿತೆ, ಮೂರು ಗಂಟೆಯ ಕಾರ್ಯಕ್ರಮ. ಒಂದು ವರ್ಷ ಪಂದ್ಯ ನಿಂತರೆ ಮರುವರ್ಷ ಯಾರೂ ಗೆರೆ ಎಳೆಯುವುದಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಆ ಜಾಗಕ್ಕೆ ಶಟಲಿನವರು ಕಾಯುತ್ತಿದ್ದರು. ತಾತ ಅರವತ್ತು ಚಳಿಗಾಲ ಕಾಪಾಡಿಕೊಂಡು ಬಂದ ಆಟ, ಒಂದು ಹಾರ ಹಾಕಿದ ಫೋಟೊದ ಹಿಂದೆ ಮುಗಿದುಹೋಗುತ್ತಿತ್ತು.

"ಐದು ಜನರನ್ನ ನಾನು ತರ್ತೀನಿ" ಎಂದೆ.

ಅಪ್ಪ ಫ್ರಿಜ್ಜಿನ ಬಾಗಿಲು ಹಿಡಿದುಕೊಂಡೇ ಯೋಚಿಸಿದರು. "ಐದು ಜನ ನಿಂತ್ರೆ ಆಟ. ನಾಲ್ಕು ನಿಂತ್ರೆ ಸಭೆ. ನನ್ನನ್ನ ಕರೀಬೇಡ."

ಕರೆಯುವುದಿಲ್ಲ ಎಂದು ನಾನು ಮಾತು ಕೊಡಲಿಲ್ಲ. ಸುಮ್ಮನೆ ತಲೆಯಾಡಿಸಿದೆ.

ಮೊದಲನೆಯವಳು ನಾನೇ. ಚಿಕ್ಕಂದಿನಲ್ಲಿ ತಾತ ನನಗೆ ತಾರಸಿಯ ಮೇಲೆ ಹೇಳಿಕೊಟ್ಟಿದ್ದರು, ಆಡಬಲ್ಲೆ ಎಂಬ ಧೈರ್ಯವಿತ್ತು. ಎರಡನೆಯವರು ಮೂರ್ತಿ ಮಾವ, ಅಪ್ಪನನ್ನು ಬಿಟ್ಟರೆ ತಾತನ ಕಾಲದ ತಂಡದಲ್ಲಿ ಉಳಿದ ಒಬ್ಬರೇ ಒಬ್ಬರು. "ಮಂಡಿ ಬಗ್ಗಲ್ಲ ವಿನು, ನಿಂತಲ್ಲೇ ನಿಂತು ಹೊಡೀತೀನಿ, ನನ್ನನ್ನ ಮುಂದೆ ಹಾಕು" ಎಂದರು. ಮೂರನೆಯವನು ನನ್ನ ಆಫೀಸಿನ ಇಮ್ರಾನ್, ದಾವಣಗೆರೆಯವನು, ಶಟಲಿನಲ್ಲಿ ಕಾಲೇಜಿಗೆ ಆಡಿದವನು. ಚೆಂಡನ್ನು ಅಂಗೈಯಲ್ಲಿ ಉರುಳಿಸಿ, "ಇದನ್ನೇನ್ ಹೊಡೆಯೋದೋ ಇಲ್ಲ ಹೆಣೆಯೋದೋ? ಬರ್ತೀನಿ ಬಿಡ್ರೀ, ಭಾನುವಾರ ರೂಮಲ್ಲಿ ಬಿದ್ಕೊಳ್ಳೋದ್ ತಪ್ತದ" ಎಂದ. ನಾಲ್ಕನೆಯವಳು ಶ್ಯಾರನ್, ಮಂಗಳೂರಿನವಳು, ಹೊಸದಾಗಿ ಬ್ಯಾಂಕಿಗೆ ಬಂದವಳು. "ನಂಗೆ ಥ್ರೋಬಾಲ್ ಮಾತ್ರ ಗೊತ್ತುಂಟು ಮಾರಾಯ್ತಿ. ಆದ್ರೆ ತಿಂಡಿ ಉಂಟಲ್ಲ, ಬರ್ತೇನೆ" ಎಂದಳು.

ಐದನೆಯವರು ಯಾರೆಂದು ಯಾರು ಕೇಳಿದರೂ "ಇದ್ದಾರೆ" ಎಂದೆ. ಇದ್ದರಲ್ಲ, ನಮ್ಮ ಮನೆಯಲ್ಲೇ ಇದ್ದರು.

ಚೆಂಡುಗಳದು ಬೇರೆಯೇ ಕಥೆ. ಮೈದಾನ್ ಮಾರ್ಕೆಟ್ಟಿನ ಆಟದ ಸಾಮಾನಿನ ಅಂಗಡಿಗಳನ್ನೆಲ್ಲ ಸುತ್ತಿದೆ. ಉಣ್ಣೆ ಚೆಂಡು ಎಂದರೆ ಒಬ್ಬ ಬೆಕ್ಕಿಗೆ ಆಡಲಿಕ್ಕಾ ಎಂದು ಕೇಳಿದ. ಕೊನೆಗೆ ಗುಬ್ಬಿಯಲ್ಲಿದ್ದ ತಾತನ ತಮ್ಮನ ಮಗ ಒಂದು ಡಬ್ಬಿ ಕೊರಿಯರ್ ಮಾಡಿದರು. ಮನೆಯಲ್ಲಿದ್ದ ಹಳೆಯವನ್ನೇ ಇಟ್ಟುಕೊಂಡು ನಾಲ್ಕು ಭಾನುವಾರ ಅಭ್ಯಾಸ ಮಾಡಿದೆವು. ಬೆಳಿಗ್ಗೆ ಹೋದರೆ ಎದುರಿನ ಬಲೆಯೂ ಕಾಣದಷ್ಟು ಮಂಜು. ಸಿಯಾಲ್ದಾ ಸ್ಟೇಷನ್ನಿನ ಘೋಷಣೆಗಳು ಮಾತ್ರ ಕೇಳುತ್ತಿದ್ದವು. ಬಿಸಿಲು ಬೀಳುವವರೆಗೆ ಮಣ್ಣಿನ ಲೋಟದಲ್ಲಿ ಚಹಾ ಕುಡಿಯುತ್ತಾ ಕಾಯುತ್ತಿದ್ದೆವು. ಇಮ್ರಾನ್ ಬೇಗ ಕಲಿತ, ಮಣಿಕಟ್ಟು ತಿರುಗಿಸಿ ಹೊಡೆದರೆ ಚೆಂಡು ಗುಂಡಿನ ಹಾಗೆ ಹೋಗುತ್ತಿತ್ತು. ಗೆಲ್ಲುತ್ತೇವೆ ಎಂದು ನಾನು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಬರೀ ನಾಲ್ಕು ಜನ ಇಟ್ಟುಕೊಂಡು ಅಷ್ಟು ಕೊಚ್ಚಿಕೊಂಡವರು ನಮ್ಮ ವಂಶದಲ್ಲಿ ನಾನೊಬ್ಬಳೇ ಇರಬೇಕು.

ಪಂದ್ಯದ ದಿನ ತಪನ್‌ದಾ ಎರಡಕ್ಕೂ ಸಿದ್ಧವಾಗಿದ್ದರು. ಅಂಕಣಕ್ಕೆ ಗೆರೆ ಎಳೆದಿತ್ತು, ಬಲೆ ಕಟ್ಟಿತ್ತು. ಪಕ್ಕದಲ್ಲೇ ಶಾಮಿಯಾನ, ಮೈಕು, ಕುರ್ಚಿ. ನಮ್ಮ ಕಡೆಯ ಹಿಂದಿನ ಬಲಮೂಲೆಯ ಆಚೆಗೆ ಮೇಜಿನ ಮೇಲೆ ತಾತನ ದೊಡ್ಡ ಫೋಟೊ, ಫೋಟೊಗೆ ಒರಗಿಸಿದ ಅವರ ರ‍್ಯಾಕೆಟ್ಟು, ಎರಡಕ್ಕೂ ರಜನೀಗಂಧದ ಹಾರ. ಮೇಜಿನ ಪಕ್ಕದ ಕುರ್ಚಿಯಲ್ಲಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಅಪ್ಪ ಕುಳಿತಿದ್ದರು.

ಅಮ್ಮ ಹಿಂದಿನ ದಿನದಿಂದಲೂ ಅಳುಕುತ್ತಿದ್ದರು. ವರ್ಷದೊಳಗೆ ಆಟ, ಏನಾಗುತ್ತದೋ ಎಂದು. ಕೊನೆಗೆ ತಮಗೆ ತಾವೇ ಒಂದು ದಾರಿ ಕಂಡುಕೊಂಡಿದ್ದರು: ಪೂಜೆ ಮಾಡಿಸಿ ಆಡಿದರೆ ದೋಷವಿಲ್ಲ. ನಾವೆಲ್ಲ ಕಾಲು ಕೈ ಸಡಿಲ ಮಾಡಿಕೊಳ್ಳುತ್ತಿದ್ದಾಗ ಅವರು ಹೊಸ ಡಬ್ಬಿ ಒಡೆದು, ಆರಕ್ಕೆ ಆರೂ ಚೆಂಡುಗಳನ್ನು ಹಿತ್ತಾಳೆ ತಟ್ಟೆಯಲ್ಲಿ ಜೋಡಿಸಿ, ಅರಿಶಿನ ಕುಂಕುಮ ಇಟ್ಟು, ಬಾಟಲಿಯ ಗಂಗಾಜಲವನ್ನು ಪ್ರೋಕ್ಷಣೆ ಮಾಡಿದರು. ಒಂದು ಹನಿ ಸಿಂಪಡಿಸಿದರೆ ಸಾಕಿತ್ತು. ಮಾವನವರ ಆಟ ಎಂದು ಭಕ್ತಿ ಉಕ್ಕಿ ಪೂರ್ತಿ ಬಾಟಲಿ ಸುರಿದುಬಿಟ್ಟಿದ್ದರು.

ನಾನು ಹೋಗಿ ನೋಡಿದಾಗ ಚೆಂಡುಗಳು ತಟ್ಟೆಯಲ್ಲಿ ತೇಲುತ್ತಿದ್ದವು. ಒಂದನ್ನು ಹಿಂಡಿದೆ. ಕೆಂಪು ನೀರು ಸುರಿಯಿತು.

"ಅಮ್ಮಾ!"

"ಶುದ್ಧವಾಗ್ಲಿ ಅಂತ ಕಣೇ."

ಉಣ್ಣೆ ಚೆಂಡು ನೀರು ಕುಡಿದರೆ ಆಲೂಗಡ್ಡೆಯ ಹಾಗೆ ಭಾರವಾಗುತ್ತದೆ. ಅಭ್ಯಾಸದ ಹಳೆ ಚೆಂಡುಗಳು ನೂಲು ಬಿಚ್ಚಿ ಮನೆಯಲ್ಲಿ ಬಿದ್ದಿದ್ದವು. ಇಡೀ ಕಲ್ಕತ್ತೆಯಲ್ಲಿ ಬೇರೆ ಚೆಂಡಿಲ್ಲ. ಅಪ್ಪಾರಾವ್ ತಾತ ಬಂದು ಒಂದನ್ನು ಎತ್ತಿ ತೂಗಿ ನೋಡಿದರು. "ಇಬ್ರಿಗೂ ಒಂದೇ ಕಷ್ಟ, ಆಡೋಣ" ಎಂದರು. ಆಮೇಲೆ ನಮ್ಮ ಕಡೆ ನೋಡಿದರು. "ಏಮ್ಮಾ ವಿನು, ಐದನೇ ಮನುಷ್ಯ ಎಲ್ಲಿ?"

ನಾನು ಅಪ್ಪನ ಕಡೆ ತಿರುಗಿದೆ. ಅಪ್ಪನಿಗೆ ತಕ್ಷಣ ಅರ್ಥವಾಯಿತು, ಮುಖ ಗಂಟಿಕ್ಕಿದರು.

"ಕರೀಬೇಡ ಅಂತ ಹೇಳಿದ್ದೆ. ನಾಲ್ಕೇ ಇದೀರ. ತಪನ್, ಮೈಕ್ ಆನ್ ಮಾಡು."

ಮೈಕು ಕೀರಲು ದನಿ ಹೊರಡಿಸಿತು. ನನ್ನ ಜಂಭವೆಲ್ಲ ಒಂದು ಕ್ಷಣ ಇಳಿದುಹೋಯಿತು. ಆಗ ಅಪ್ಪಾರಾವ್ ತಾತ ಕೈಯೆತ್ತಿದರು. "ಉಂಡಯ್ಯಾ, ಸ್ವಲ್ಪ ಇರು. ಮೊದಲ ಆಟ ನಾಲ್ವರೇ ಆಡ್ಲಿ. ಅದು ಮುಗಿಯೋದ್ರೊಳಗೆ ಐದನೆಯವರು ಬರ್ಲಿಲ್ಲ ಅಂದ್ರೆ ಸಭೆ. ನಾನೇ ಮೊದಲ ಭಾಷಣ ಮಾಡ್ತೀನಿ." ಕರುಣೆಯಿಂದ ಹೇಳಿದರು, ಆದರೆ ಆಟದಲ್ಲಿ ಒಂದಿಷ್ಟೂ ಕರುಣೆ ತೋರಿಸಲಿಲ್ಲ.

ನಾನು ಸೆಂಟರಿನಲ್ಲಿ, ತಾತನ ಜಾಗದಲ್ಲಿ ನಿಂತೆ. ಮುಂದೆ ಮೂರ್ತಿ ಮಾವ ಮತ್ತು ಶ್ಯಾರನ್, ಹಿಂದೆ ಎಡಕ್ಕೆ ಇಮ್ರಾನ್. ಹಿಂದಿನ ಬಲಮೂಲೆ ಖಾಲಿ. ಇಮ್ರಾನ್ ಎಂದಿನಂತೆ ಮಣಿಕಟ್ಟು ತಿರುಗಿಸಿ ಹೊಡೆದ. ಚೆಂಡು ಬಲೆಯ ತನಕವೂ ಹೋಗದೆ ಥಪ್ ಎಂದು ಬಿತ್ತು. ಆಕಡೆಯ ಹಿರಿಯರು ಆತುರವಿಲ್ಲದೆ ಕೆಳಗಿನಿಂದ ಎತ್ತಿ ಎತ್ತಿ ನಮ್ಮ ಖಾಲಿ ಮೂಲೆಗೆ ಹಾಕತೊಡಗಿದರು. ನಾನು ಓಡುವಷ್ಟರಲ್ಲಿ ಬಿದ್ದಾಗಿರುತ್ತಿತ್ತು. ಬಿದ್ದ ಚೆಂಡು ಪುಟಿಯುತ್ತಿರಲಿಲ್ಲ, ಉರುಳಿ ಅಪ್ಪನ ಬೂಟಿನ ಹತ್ತಿರ ನಿಲ್ಲುತ್ತಿತ್ತು. ಅಪ್ಪ ಅದನ್ನು ಎತ್ತಿ ನಮ್ಮ ಕಡೆಗೆ ಎಸೆಯುತ್ತಿದ್ದರು. ಮತ್ತೆ ಬರುತ್ತಿತ್ತು. ಮತ್ತೆ ಎಸೆಯುತ್ತಿದ್ದರು.

ಎಷ್ಟನೆಯ ಸಲವೋ ಅವರು ಚೆಂಡನ್ನು ಎಸೆಯಲಿಲ್ಲ. ಕರ್ಚೀಫಿನಲ್ಲಿ ಒತ್ತಿ ನೀರು ತೆಗೆದರು.

"ಮಣಿಕಟ್ಟು ಬೇಡ ಇಮ್ರಾನ್! ತೋಳು ಬೀಸು, ಪೂರ್ತಿ ತೋಳು!"

"ಆಯ್ತು ಅಂಕಲ್!"

"ಇನ್ನೂ ಕೆಳಗಿಂದ! ಮೂರ್ತಿ, ಆ ಹುಡುಗಿಗೆ ಸ್ವಲ್ಪ ಹಿಂದೆ ನಿಲ್ಲಕ್ ಹೇಳು! ಏಯ್ ವಿನು, ಸೆಂಟರ್ ಆಗಿ ಆ ಮೂಲೆಗ್ ಯಾಕ್ ಓಡ್ತೀಯ?"

"ಅಲ್ಲಿ ಯಾರೂ ಇಲ್ವಲ್ಲ ಅಪ್ಪ!" ಎಂದು ಅಷ್ಟೇ ಜೋರಾಗಿ ಕೂಗಿದೆ. ನನಗೆ ನಿಜಕ್ಕೂ ಅಳು ಬಂದಿತ್ತು. "ಯಾರೂ ಇಲ್ಲ ಅಲ್ಲಿ!"

ಮುಂದಿನ ಚೆಂಡೂ ಅಲ್ಲಿಗೇ ಬಂತು, ಬಿತ್ತು, ಉರುಳಿತು. ಅಪ್ಪ ಅದನ್ನು ನೋಡಿದರು. ಬಗ್ಗಿ ಬೂಟು ಬಿಚ್ಚಿದರು, ಸಾಕ್ಸು ಬಿಚ್ಚಿ ಬೂಟಿನೊಳಗೆ ತುರುಕಿದರು. ಫೋಟೊಗೆ ಒರಗಿಸಿದ್ದ ತಾತನ ರ‍್ಯಾಕೆಟ್ಟಿನಿಂದ ಹಾರ ತೆಗೆದು ಮೇಜಿನ ಮೇಲಿಟ್ಟರು.

"ರೀ, ಅದಕ್ಕೆ ಪೂಜೆ ಆಗಿದೆ" ಎಂದರು ಅಮ್ಮ.

"ಇರೋದೇ ಆಡಕ್ಕೆ ಕಣೇ" ಎಂದು ಗೆರೆ ದಾಟಿ ಒಳಗೆ ಬಂದರು.

ತೆಲುಗಿನವರ ಕಡೆಯಿಂದ ಚಪ್ಪಾಳೆ ಬಿತ್ತು. ತಪನ್‌ದಾ ಮೈಕಿನಲ್ಲೇ "ದಾರುಣ್!", ಅಂದರೆ ಭಲೇ, ಎಂದು ಕೂಗಿ, ಆಮೇಲಿನದೆಲ್ಲ ವೀಕ್ಷಕ ವಿವರಣೆಯಾಗಿ ಮಾಡಿಬಿಟ್ಟರು. ಆಟದ ನಿಯಮ ಅವರಿಗೆ ಆಗಲೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ಆ ಪಂದ್ಯ ನಾವು ಸೋತೆವು. ಮೊದಲ ಆಟ ಕೈಬಿಟ್ಟೇ ಹೋಗಿತ್ತು. ಎರಡನೆಯದನ್ನು ಗೆದ್ದೆವು, ಅಪ್ಪ ಗೆಲ್ಲಿಸಿದರು ಎನ್ನಬೇಕು. ಹಿಂದೆ ಕ್ವಾರ್ಟರ್ಸಿನಲ್ಲಿ ಮಳೆ ಬಂದರೂ ತಾತ ಆಟ ನಿಲ್ಲಿಸುತ್ತಿರಲಿಲ್ಲವಂತೆ, ಒದ್ದೆ ಚೆಂಡಿನಲ್ಲೇ ಮಗನನ್ನು ಗಂಟೆಗಟ್ಟಲೆ ಆಡಿಸುತ್ತಿದ್ದರಂತೆ. ಆ ಭಾರದ ಚೆಂಡು ಅಪ್ಪನ ಕೈಗೆ ಹಳೆಯ ಪರಿಚಯ. ಮೂರನೆಯದರಲ್ಲಿ ದಮ್ಮು ಸಾಲಲಿಲ್ಲ. ಆಮೇಲೆ ಅಪ್ಪಾರಾವ್ ತಾತನ ಎಲೆಗೆ ನಾನೇ ಉಪ್ಪಿಟ್ಟು ಬಡಿಸಿದೆ, ಅವರು ಇನ್ನೊಂದಿಷ್ಟು ಹಾಕಿಸಿಕೊಂಡು ಗೋಡಂಬಿ ಹುಡುಕಿದರು. ಸಭೆಯಂತೂ ಆಗಲಿಲ್ಲ. ಮರುವರ್ಷವೂ ಪಂದ್ಯ ಆಯಿತು, ಈ ಸಂಕ್ರಾಂತಿಗೂ ಇದೆ. ಆ ಸೋಲಿನ ಬಗ್ಗೆ ನನಗೆ ಇವತ್ತಿಗೂ ಬೇಜಾರಿಲ್ಲ.

ಬೇಜಾರಿಲ್ಲದಿರುವುದಕ್ಕೆ ಕಾರಣ ಮೂರನೇ ಆಟದ ನಡುವಿನ ಒಂದು ಚೆಂಡು. ಬಿಸಿಲು ಏರಿತ್ತು. ಅಪ್ಪನ ಅಂಗಿ ಬೆನ್ನಿಗಂಟಿತ್ತು, ತಲೆಯ ಮೇಲೆ ಮತ್ತೆ ಬೆಳೆದಿದ್ದ ಕೂದಲೆಲ್ಲ ಬೆವರು. ಎರಡೂ ಕಡೆಯವರು ಬಿಡದೆ ಎತ್ತುತ್ತಿದ್ದರು, ಚೆಂಡು ಬೀಳಲೇ ಇಲ್ಲ. ಅಪ್ಪಾರಾವ್ ತಾತ ಅದನ್ನು ಎತ್ತರಕ್ಕೆ ಹಾಕಿದರು, ನನಗೂ ಅಪ್ಪನಿಗೂ ಸರಿಯಾಗಿ ನಡುವೆ. ಅಂಥ ಚೆಂಡಿಗೆ ಇಬ್ಬರಲ್ಲಿ ಒಬ್ಬರು ಕೂಗಬೇಕು, ಇಲ್ಲದಿದ್ದರೆ ಇಬ್ಬರೂ ನೋಡುತ್ತಾ ನಿಲ್ಲುತ್ತಾರೆ. ನಾನು ತಲೆ ಎತ್ತಿ ಅದನ್ನೇ ನೋಡುತ್ತಿದ್ದೆ. ಹಿಂದಿನಿಂದ ಅಪ್ಪನ ದನಿ ಬಂತು, ಮೈದಾನಕ್ಕೆಲ್ಲ ಕೇಳುವಷ್ಟು ಜೋರಾಗಿ.

"ಅಪ್ಪಾ, ನಿಮ್ದು!"

ನಾನು ಒಂದು ಹೆಜ್ಜೆ ಹಿಂದೆ ಸರಿದು ಪೂರ್ತಿ ತೋಳು ಬೀಸಿ ಹೊಡೆದೆ. ಚೆಂಡು ಬಲೆ ದಾಟಿ ಅವರ ಹಿಂದಿನ ಇಬ್ಬರ ನಡುವೆ ಬಿತ್ತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ತಪನ್‌ದಾ ಕೂಡ ಮೈಕು ಕೆಳಗಿಳಿಸಿದರು. ಬಲೆಯ ಆಚೆ ಅಪ್ಪಾರಾವ್ ತಾತ ಕನ್ನಡಕ ತೆಗೆದರು.

ತಿರುಗಿ ನೋಡಿದೆ. ಅಪ್ಪ ಬಲಮೂಲೆಯಲ್ಲಿ ಬರಿಗಾಲಲ್ಲಿ ನಿಂತಿದ್ದರು. ತಾವು ಏನು ಕೂಗಿದೆವು ಎಂದು ಅವರಿಗೆ ಆಗಷ್ಟೇ ಕೇಳಿಸಿದ ಹಾಗಿತ್ತು. ಆಮೇಲೆ ಅಪ್ಪ ಅತ್ತರು, ರ‍್ಯಾಕೆಟ್ಟು ಹಿಡಿದುಕೊಂಡೇ, ಮುಖ ಮುಚ್ಚಿಕೊಳ್ಳದೆ, ಅಷ್ಟು ತಿಂಗಳಲ್ಲಿ ಮೊದಲ ಸಲ. ನಾನು ಅವರ ಕಡೆಗೆ ಓಡಲು ಹೆಜ್ಜೆ ಎತ್ತಿದೆ.

"ಬರ್ಬೇಡ" ಎಂದರು ಅಪ್ಪ, ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಾ. "ಅಲ್ಲೇ ನಿಂತ್ಕೋ. ಸೆಂಟರ್ ಬಿಟ್ಟು ಕದಲ್ಬೇಡ."

ನಾನು ಕದಲಲಿಲ್ಲ.